ಅಪಾಯವಿರುವಲ್ಲಿ ಕಾವಲು: ಬ್ಯಾಂಕು ಮತ್ತು ವಿಮೆಯ ಒಳನಿಯಂತ್ರಣ

ಬ್ಯಾಂಕು ಮತ್ತು ವಿಮಾ ಕಂಪನಿಗಳ ವ್ಯವಹಾರ ನಡೆಯುವುದು ಬಹುಪಾಲು ಪರರ ಹಣದಲ್ಲಿ. ಬ್ಯಾಂಕು ಕೊಡುವ ಸಾಲ ಠೇವಣಿದಾರರು ಇಟ್ಟ ಹಣ. ವಿಮಾ ಕಂಪನಿ ಇಂದು ಕಂತು ಕಟ್ಟಿಸಿಕೊಂಡು, ಇಪ್ಪತ್ತು ಮೂವತ್ತು ವರ್ಷಗಳ ನಂತರ ಉಳಿಸಿಕೊಳ್ಳಬೇಕಾದ ಮಾತು ಕೊಡುತ್ತದೆ. ಎರಡರಲ್ಲೂ ಮಾಲೀಕರ ಸ್ವಂತ ಬಂಡವಾಳ ಚಿಕ್ಕದು. ಭಾರತದ ವಾಣಿಜ್ಯ ಬ್ಯಾಂಕುಗಳು ಅಪಾಯದ ತೂಕ ಹಾಕಿ ಅಳೆದ ತಮ್ಮ ಆಸ್ತಿಯ ಕನಿಷ್ಠ ಶೇ. 9ರಷ್ಟನ್ನು, ಅದರ ಮೇಲೆ ಮೀಸಲಾಗಿ ಇನ್ನೂ ಶೇ. 2.5ರಷ್ಟನ್ನು ಬಂಡವಾಳವಾಗಿ ಇಟ್ಟುಕೊಳ್ಳಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಆ ಬಂಡವಾಳ ಕರಗಿಹೋದರೆ ಮುಂದಿನ ನಷ್ಟದ ಭಾರ ಠೇವಣಿದಾರರ ಕಡೆ ಹೊರಳುತ್ತದೆ. ಹೀಗಾಗಿ ಹಣ ಎಲ್ಲಿ ಸೋರಬಹುದು, ತಪ್ಪು ಎಲ್ಲಿ ನುಸುಳಬಹುದು, ಮೋಸ ಎಲ್ಲಿ ಹುಟ್ಟಬಹುದು ಎಂಬುದನ್ನು ಸಂಸ್ಥೆಯೇ ಮೊದಲು ಕಂಡುಕೊಂಡು ಒಳಗಿನಿಂದಲೇ ತಡೆಯಬೇಕಾಗುತ್ತದೆ. ಈ ಏರ್ಪಾಡಿಗೆ ಆಂತರಿಕ ನಿಯಂತ್ರಣ ಎಂದು ಹೆಸರು.

ಆಂತರಿಕ ನಿಯಂತ್ರಣವೆಂದರೆ ವರ್ಷಕ್ಕೊಮ್ಮೆ ಬರುವ ಆಡಿಟರು ಮಾತ್ರವಲ್ಲ. ನಗದು ಪೆಟ್ಟಿಗೆಗೆ ಎರಡು ಕೀಲಿ ಇಟ್ಟು ಇಬ್ಬರು ಅಧಿಕಾರಿಗಳ ಕೈಗೆ ಒಂದೊಂದನ್ನು ಕೊಡುವುದು, ದೊಡ್ಡ ಮೊತ್ತದ ಚೆಕ್ಕಿಗೆ ಎರಡನೆಯ ಅಧಿಕಾರಿಯ ಒಪ್ಪಿಗೆ ಬೇಕೆನ್ನುವುದು, ದಿನದ ಕೊನೆಗೆ ಲೆಕ್ಕ ತಾಳೆ ನೋಡುವುದು, ಸಾಲ ಮಂಜೂರು ಮಾಡಿದವರೇ ಅಡಮಾನದ ಬೆಲೆ ಕಟ್ಟದಂತೆ ನೋಡಿಕೊಳ್ಳುವುದು ಎಲ್ಲವೂ ಅದರ ಭಾಗವೇ. ಇಂಥ ನಿಯಮಗಳು ಬ್ಯಾಂಕಿಂಗ್‌ನಲ್ಲಿ ಹಳೆಯವು. ಆದರೆ ಎಲ್ಲ ಶಾಖೆ, ಎಲ್ಲ ವಹಿವಾಟು, ಎಲ್ಲ ನೌಕರರ ಮೇಲೆ ಒಂದೇ ಪ್ರಮಾಣದ ನಿಗಾ ಇಡುವುದು ಸಾಧ್ಯವೂ ಇಲ್ಲ, ಸರಿಯೂ ಅಲ್ಲ. ತಪಾಸಣೆಗೆ ಸಿಗುವ ಜನ ಮತ್ತು ಸಮಯ ಎರಡಕ್ಕೂ ಮಿತಿಯಿದೆ. ಹೆಚ್ಚು ಹಾನಿಯಾಗಬಲ್ಲ ಕಡೆ ಹೆಚ್ಚು ಗಮನ, ಕಡಿಮೆ ಹಾನಿಯ ಕಡೆ ಕಡಿಮೆ ಗಮನ ಎಂಬುದೇ ಅಪಾಯ ಆಧಾರಿತ ನಿಯಂತ್ರಣದ ತಿರುಳು.

ಏಕರೂಪದ ತಪಾಸಣೆಯಿಂದ ಅಪಾಯದ ಅಳತೆಗೆ

ಭಾರತದಲ್ಲಿ ಈ ಚಿಂತನೆ ಬಲಗೊಳ್ಳಲು 1992ರ ಷೇರು ಹಗರಣ ದೊಡ್ಡ ಕಾರಣ. ಸರ್ಕಾರಿ ಸಾಲಪತ್ರಗಳನ್ನು ಬ್ಯಾಂಕುಗಳು ತಮ್ಮೊಳಗೆ ಕೊಂಡು ಮಾರುವಾಗ, ಪತ್ರಗಳ ಬದಲಿಗೆ ಬ್ಯಾಂಕ್ ರಸೀದಿಗಳನ್ನು ಕೊಡುವ ರೂಢಿಯಿತ್ತು. ಕೆಲವು ರಸೀದಿಗಳ ಹಿಂದೆ ಸಾಲಪತ್ರಗಳೇ ಇರಲಿಲ್ಲ. ಅವುಗಳ ಬಲದ ಮೇಲೆ ಬ್ಯಾಂಕಿನ ಹಣ ದಲ್ಲಾಳಿಗಳ ಮೂಲಕ ಷೇರು ಮಾರುಕಟ್ಟೆ ಸೇರಿತು. ಇದನ್ನು ತನಿಖೆ ಮಾಡಿದ ಜಾನಕಿರಾಮನ್ ಸಮಿತಿ ಬೊಟ್ಟು ಮಾಡಿದ್ದು ಬ್ಯಾಂಕುಗಳ ಒಳಗಿನ ನಿಯಂತ್ರಣ ಕುಸಿದುದರ ಕಡೆಗೆ. 1993ರಿಂದ ಬ್ಯಾಂಕುಗಳಲ್ಲಿ ಸಹವರ್ತಿ ಲೆಕ್ಕಪರಿಶೋಧನೆ, ಅಂದರೆ ಬ್ಯಾಂಕಿನವರು ಕನ್ಕರೆಂಟ್ ಆಡಿಟ್ ಎನ್ನುವ ವ್ಯವಸ್ಥೆ ಬಂತು. ವಹಿವಾಟು ನಡೆದು ತಿಂಗಳುಗಳಾದ ಮೇಲೆ ನೋಡುವ ಬದಲು, ನಡೆಯುತ್ತಿರುವಾಗಲೇ ಅಥವಾ ಕೂಡಲೇ ಪರಿಶೀಲಿಸುವುದು ಇದರ ಉದ್ದೇಶ.

ಅದೇ ದಶಕದಲ್ಲಿ ಲಂಡನ್ನಿನ ಬೇರಿಂಗ್ಸ್ ಬ್ಯಾಂಕ್ ಜಗತ್ತಿಗೇ ಎಚ್ಚರಿಕೆ ಕೊಟ್ಟಿತು. 1762ರಲ್ಲಿ ಸ್ಥಾಪನೆಯಾದ ಆ ಬ್ಯಾಂಕು 1995ರ ಫೆಬ್ರುವರಿಯಲ್ಲಿ ಮುಳುಗಿತು. ಸಿಂಗಪುರ ಕಚೇರಿಯ ವ್ಯಾಪಾರಿ ನಿಕ್ ಲೀಸನ್ 88888 ಎಂಬ ಸಂಖ್ಯೆಯ ಖಾತೆಯಲ್ಲಿ ನಷ್ಟಗಳನ್ನು ಬಚ್ಚಿಟ್ಟಿದ್ದ. ಒಟ್ಟು ನಷ್ಟ ಸುಮಾರು 82.7 ಕೋಟಿ ಪೌಂಡಿಗೆ ಮುಟ್ಟಿತು. ವ್ಯಾಪಾರ ಮಾಡುವ ವಿಭಾಗ, ಅದರ ಲೆಕ್ಕ ಇಡುವ ವಿಭಾಗ ಎರಡೂ ಅವನ ಕೈಯಲ್ಲೇ ಇದ್ದವು. ಡಚ್ ಸಂಸ್ಥೆ ಐಎನ್‌ಜಿ ಆ ಬ್ಯಾಂಕನ್ನು ಒಂದು ಪೌಂಡಿಗೆ ಕೊಂಡಿತು. ಹಲವು ದೇಶಗಳ ಬ್ಯಾಂಕ್ ನಿಯಂತ್ರಕರು ಕೂಡುವ ಬಾಸೆಲ್ ಸಮಿತಿ 1998ರಲ್ಲಿ ಬ್ಯಾಂಕುಗಳ ಆಂತರಿಕ ನಿಯಂತ್ರಣಕ್ಕೆ ಒಂದು ಚೌಕಟ್ಟನ್ನು ಪ್ರಕಟಿಸಿತು. ಆಡಳಿತ ಮಂಡಳಿಯ ಹೊಣೆ ಮತ್ತು ನಿಯಂತ್ರಣದ ಸಂಸ್ಕೃತಿ, ಅಪಾಯವನ್ನು ಗುರುತಿಸಿ ಅಳೆಯುವುದು, ಕೆಲಸದ ವಿಭಜನೆ, ಮಾಹಿತಿಯ ಹರಿವು, ನಿರಂತರ ನಿಗಾ ಮತ್ತು ಲೋಪಗಳ ತಿದ್ದುಪಡಿ ಎಂಬ ಐದು ಅಂಗಗಳನ್ನು ಅದು ಹೇಳುತ್ತದೆ.

2002ರ ಡಿಸೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಅಪಾಯ ಆಧಾರಿತ ಆಂತರಿಕ ಲೆಕ್ಕಪರಿಶೋಧನೆಯ ಮಾರ್ಗದರ್ಶಿ ಟಿಪ್ಪಣಿ ಹೊರಡಿಸಿತು. ಅಲ್ಲಿಯವರೆಗೆ ಆಡಿಟರ ಮುಖ್ಯ ಕೆಲಸ ವೋಚರು, ಸಹಿ, ಮೊತ್ತಗಳನ್ನು ಒಂದೊಂದಾಗಿ ನೋಡಿ, ನಡೆದುಹೋದ ತಪ್ಪನ್ನು ಬರೆಯುವುದಾಗಿತ್ತು. ಯಾವ ಶಾಖೆಯಲ್ಲಿ ಮುಂದೆ ತಪ್ಪು ನಡೆಯುವ ಸಂಭವ ಹೆಚ್ಚು, ಅಲ್ಲಿನ ತಡೆ ಎಷ್ಟು ಗಟ್ಟಿ ಎಂದು ಮೊದಲೇ ಅಂದಾಜು ಮಾಡುವುದು ಹೊಸ ಕ್ರಮದ ನಿರೀಕ್ಷೆ. 2021ರ ಫೆಬ್ರುವರಿಯಲ್ಲಿ ಈ ಕ್ರಮವನ್ನು ಠೇವಣಿ ಪಡೆಯುವ ಎಲ್ಲ ಬ್ಯಾಂಕೇತರ ಹಣಕಾಸು ಕಂಪನಿಗಳಿಗೂ, 5,000 ಕೋಟಿ ರೂಪಾಯಿ ಮತ್ತು ಅದಕ್ಕಿಂತ ಹೆಚ್ಚು ಆಸ್ತಿಯ ಇತರ ಹಣಕಾಸು ಕಂಪನಿಗಳಿಗೂ, 500 ಕೋಟಿ ಮತ್ತು ಅದಕ್ಕಿಂತ ಹೆಚ್ಚು ಆಸ್ತಿಯ ನಗರ ಸಹಕಾರಿ ಬ್ಯಾಂಕುಗಳಿಗೂ ವಿಸ್ತರಿಸಲಾಯಿತು.

ಅಳೆಯುವ ಬಗೆ

ಅಪಾಯವನ್ನು ಅಳೆಯಲು ಎರಡು ಪ್ರಶ್ನೆಗಳು ಬೇಕು. ವ್ಯವಹಾರದ ಸ್ವಭಾವದಲ್ಲೇ ಇರುವ ಅಪಾಯ ಎಷ್ಟು ಎಂಬುದು ಮೊದಲನೆಯದು. ಅದನ್ನು ತಡೆಯುವ ನಿಯಂತ್ರಣ ಎಷ್ಟು ದುರ್ಬಲ ಎಂಬುದು ಎರಡನೆಯದು. ರಿಸರ್ವ್ ಬ್ಯಾಂಕಿನ ಟಿಪ್ಪಣಿ ಇವೆರಡನ್ನೂ ಕಡಿಮೆ, ಮಧ್ಯಮ, ಹೆಚ್ಚು ಎಂದು ಮೂರು ಮಟ್ಟದಲ್ಲಿ ವಿಂಗಡಿಸಿ, ಒಂದು ಪಟ್ಟಿಯಲ್ಲಿ ಎದುರುಬದುರು ಇಟ್ಟು ನೋಡಲು ಹೇಳುತ್ತದೆ. ಜತೆಗೆ ಅಪಾಯ ಏರುತ್ತಿದೆಯೇ, ಇಳಿಯುತ್ತಿದೆಯೇ, ಇದ್ದಲ್ಲೇ ಇದೆಯೇ ಎಂಬುದನ್ನೂ ಗುರುತಿಸಬೇಕು.

ಚಿನ್ನದ ಸಾಲದ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಎರಡು ಶಾಖೆಗಳು ಒಂದೇ ಮೊತ್ತದ ಒಡವೆ ಸಾಲ ಕೊಟ್ಟಿವೆ ಎಂದಿಟ್ಟುಕೊಳ್ಳಬಹುದು. ಚಿನ್ನದ ಬೆಲೆ ಇಳಿಯುವ ಭಯ, ನಕಲಿ ಒಡವೆ ಬರುವ ಭಯ ಎರಡಕ್ಕೂ ಸಮಾನ. ಮೊದಲನೆಯ ಶಾಖೆಯಲ್ಲಿ ಒಡವೆಯ ಚೀಲಗಳು ಇಬ್ಬರ ಜಂಟಿ ವಶದಲ್ಲಿರುತ್ತವೆ, ಬೇರೆ ಶಾಖೆಯ ಸರಾಫರು ಮುನ್ಸೂಚನೆಯಿಲ್ಲದೆ ಬಂದು ಕೆಲವು ಚೀಲಗಳನ್ನು ಮತ್ತೆ ಒರೆಹಚ್ಚಿ ನೋಡುತ್ತಾರೆ. ಎರಡನೆಯದರಲ್ಲಿ ವರ್ಷಗಳಿಂದ ಒಬ್ಬರೇ ಸರಾಫರು, ಮರುಪರಿಶೀಲನೆಯೇ ಇಲ್ಲ. ಸಾಲದ ಮೊತ್ತ ಒಂದೇ ಆದರೂ ಆಡಿಟ್ ತಂಡ ಮೊದಲು ಹೋಗಬೇಕಾದದ್ದು, ಹೆಚ್ಚು ದಿನ ಕೊಡಬೇಕಾದದ್ದು ಎರಡನೆಯ ಶಾಖೆಗೆ.

ಸಾಲ ಮರಳದಿರುವ ಅಪಾಯ, ಬಡ್ಡಿದರ ಮತ್ತು ವಿದೇಶಿ ವಿನಿಮಯದ ಏರಿಳಿತದ ಅಪಾಯ, ಠೇವಣಿದಾರರು ಒಮ್ಮೆಗೇ ಹಣ ಕೇಳಿದಾಗ ಕೈಯಲ್ಲಿ ನಗದು ಇರದ ಅಪಾಯ, ಮತ್ತು ಜನ, ಯಂತ್ರ, ಪದ್ಧತಿಗಳ ಲೋಪದಿಂದ ಬರುವ ಕಾರ್ಯಾಚರಣೆಯ ಅಪಾಯ ಬ್ಯಾಂಕಿನಲ್ಲಿ ಮುಖ್ಯವಾದವು. ಮೊದಲ ಮೂರನ್ನು ಸಂಖ್ಯೆಗಳಲ್ಲಿ ಹಿಡಿಯಲು ಬರುತ್ತದೆ. ಕೊನೆಯದು ಮನುಷ್ಯರ ನಡತೆಗೆ ಅಂಟಿಕೊಂಡಿರುವುದರಿಂದ ಅಳೆಯುವುದು ಕಷ್ಟ. ಆಂತರಿಕ ನಿಯಂತ್ರಣದ ಹೆಚ್ಚಿನ ಸಲಕರಣೆಗಳು ಹುಟ್ಟಿರುವುದು ಇದಕ್ಕಾಗಿಯೇ.

ತಡೆಯುವ ಮತ್ತು ಪತ್ತೆಹಚ್ಚುವ ಸಲಕರಣೆಗಳು

ನಿಯಂತ್ರಣಗಳಲ್ಲಿ ಕೆಲವು ತಪ್ಪನ್ನು ಮೊದಲೇ ತಡೆಯುತ್ತವೆ, ಕೆಲವು ನಡೆದ ತಪ್ಪನ್ನು ಬೇಗ ಪತ್ತೆಹಚ್ಚುತ್ತವೆ. ಮೇಕರ್-ಚೆಕರ್ ಪದ್ಧತಿ ತಡೆಯುವ ಬಗೆಯದು: ಒಬ್ಬರು ವಹಿವಾಟನ್ನು ಕಂಪ್ಯೂಟರಿಗೆ ತುಂಬಿದರೆ ಇನ್ನೊಬ್ಬರು ಪರಿಶೀಲಿಸಿ ಒಪ್ಪಿಗೆ ಕೊಡಬೇಕು. ಹುದ್ದೆಗೆ ತಕ್ಕಂತೆ ಸಾಲ ಮಂಜೂರಾತಿಯ ಮಿತಿ, ಒಬ್ಬ ಸಾಲಗಾರನಿಗೆ ಕೊಡಬಹುದಾದ ಗರಿಷ್ಠ ಮೊತ್ತ ಇವೂ ಅದೇ ಗುಂಪಿಗೆ ಸೇರುತ್ತವೆ. ಬೇರೆ ಬ್ಯಾಂಕುಗಳಲ್ಲಿರುವ ಖಾತೆಗಳ ಲೆಕ್ಕವನ್ನು ತಮ್ಮ ಪುಸ್ತಕದೊಂದಿಗೆ ತಾಳೆ ನೋಡುವುದು, ಮುನ್ಸೂಚನೆಯಿಲ್ಲದ ತಪಾಸಣೆ, ಅಸಹಜ ವಹಿವಾಟು ಕಂಡರೆ ಎಚ್ಚರಿಸುವ ತಂತ್ರಾಂಶ ಇವು ಪತ್ತೆಹಚ್ಚುವ ಬಗೆಯವು.

ಕಡ್ಡಾಯ ರಜೆ ನೋಡಲು ಸರಳ, ಪರಿಣಾಮದಲ್ಲಿ ಬಲವಾದ ಉಪಾಯ. ಸೂಕ್ಷ್ಮ ಹುದ್ದೆಯಲ್ಲಿರುವ ನೌಕರರನ್ನು ವರ್ಷಕ್ಕೊಮ್ಮೆ, ಮುಂಚಿತವಾಗಿ ತಿಳಿಸದೆ, ಒಂದೇ ಸಲಕ್ಕೆ ಕನಿಷ್ಠ 10 ಕೆಲಸದ ದಿನಗಳ ರಜೆಯ ಮೇಲೆ ಕಳಿಸಬೇಕೆಂದು ರಿಸರ್ವ್ ಬ್ಯಾಂಕ್ 2021ರಲ್ಲಿ ಪರಿಷ್ಕರಿಸಿದ ನಿಯಮ ಹೇಳುತ್ತದೆ. ಬಚ್ಚಿಟ್ಟ ಮೋಸಕ್ಕೆ ದಿನನಿತ್ಯದ ಆರೈಕೆ ಬೇಕು. ಹಳೆಯ ಬಾಕಿಯನ್ನು ಹೊಸ ಹಣದಿಂದ ಮುಚ್ಚುತ್ತಿರಬೇಕು, ಕೇಳುವವರಿಗೆ ಉತ್ತರ ಕೊಡುತ್ತಿರಬೇಕು. ಆ ಕುರ್ಚಿಯಲ್ಲಿ ಎರಡು ವಾರ ಬೇರೊಬ್ಬರು ಕೂತರೆ ಸುಳ್ಳಿನ ಸರಪಳಿ ಎಲ್ಲಾದರೂ ಕಡಿಯುವ ಸಂಭವ ಹೆಚ್ಚು.

ಬ್ರಾಡಿ ಹೌಸ್ ಶಾಖೆಯಲ್ಲಿ ನಡೆದದ್ದು

ನಿಯಮಗಳಿದ್ದೂ ನಿಯಂತ್ರಣ ಇಲ್ಲದಿರುವುದು ಹೇಗೆ ಎಂಬುದಕ್ಕೆ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಪ್ರಕರಣ ಭಾರತದ ದೊಡ್ಡ ಸಾಕ್ಷಿ. 2018ರ ಫೆಬ್ರುವರಿ 14ರಂದು ಆ ಬ್ಯಾಂಕು, ಮುಂಬೈನ ತನ್ನ ಒಂದು ಶಾಖೆಯಲ್ಲಿ ಸುಮಾರು 177 ಕೋಟಿ ಡಾಲರ್, ಅಂದರೆ 11,000 ಕೋಟಿ ರೂಪಾಯಿಗೂ ಹೆಚ್ಚಿನ ಅಕ್ರಮ ನಡೆದಿರುವುದನ್ನು ಷೇರುಪೇಟೆಗೆ ತಿಳಿಸಿತು. ಆ ಶಾಖೆ ಬ್ರಾಡಿ ಹೌಸ್‌ನಲ್ಲಿತ್ತು. ಮೊತ್ತ ಮುಂದೆ 13,000 ಕೋಟಿಯನ್ನೂ ದಾಟಿತು.

ಅಲ್ಲಿ ಬಳಕೆಯಾದದ್ದು ಲೆಟರ್ ಆಫ್ ಅಂಡರ್‌ಟೇಕಿಂಗ್ ಎಂಬ ಭರವಸೆ ಪತ್ರ. ಆಮದುದಾರನ ಪರವಾಗಿ ಭಾರತದ ಬ್ಯಾಂಕು ಈ ಭರವಸೆ ಕೊಟ್ಟರೆ, ವಿದೇಶದಲ್ಲಿರುವ ಇನ್ನೊಂದು ಬ್ಯಾಂಕ್ ಶಾಖೆ ಅದನ್ನು ನಂಬಿ ಅಲ್ಪಾವಧಿ ಸಾಲ ಕೊಡುತ್ತದೆ. ಭರವಸೆ ಕೊಡುವ ಮುನ್ನ ಗ್ರಾಹಕನಿಗೆ ಸಾಲಮಿತಿ ಮಂಜೂರಾಗಿರಬೇಕು ಅಥವಾ ಅವನಿಂದ ಅಷ್ಟೇ ಮೊತ್ತದ ನಗದು ಖಾತರಿ ಪಡೆದಿರಬೇಕು. ಇಲ್ಲಿ ಎರಡೂ ಇಲ್ಲದೆ, ವಜ್ರಾಭರಣ ವ್ಯಾಪಾರಿಗಳ ಕಂಪನಿಗಳಿಗಾಗಿ ಅಂತರರಾಷ್ಟ್ರೀಯ ಸಂದೇಶ ಜಾಲವಾದ ಸ್ವಿಫ್ಟ್ ಮೂಲಕ ಭರವಸೆಗಳು ಹೋದವು. ಆ ಬ್ಯಾಂಕಿನ ಮುಖ್ಯ ಲೆಕ್ಕ ಇದ್ದದ್ದು ಬೆಂಗಳೂರಿನ ಇನ್ಫೊಸಿಸ್ ರೂಪಿಸಿದ ಫಿನಾಕಲ್ ತಂತ್ರಾಂಶದಲ್ಲಿ. ಸ್ವಿಫ್ಟ್ ಅದಕ್ಕೆ ಜೋಡಣೆಯಾಗಿರಲಿಲ್ಲ. ಹಾಗಾಗಿ ಸಂದೇಶ ಹೊರದೇಶ ಮುಟ್ಟಿದರೂ ಬ್ಯಾಂಕಿನ ಪುಸ್ತಕದಲ್ಲಿ ಅದರ ಗುರುತೇ ಮೂಡಲಿಲ್ಲ.

ತನಿಖಾ ಸಂಸ್ಥೆಗಳು ಆರೋಪಿಸಿದಂತೆ ಇದರಲ್ಲಿ ಮುಖ್ಯ ಪಾತ್ರ ವಹಿಸಿದ ಅಧಿಕಾರಿ ಸುಮಾರು ಏಳು ವರ್ಷ ಅದೇ ಶಾಖೆಯಲ್ಲಿದ್ದರು. ಅವರು 2017ರಲ್ಲಿ ನಿವೃತ್ತರಾದರು. 2018ರ ಜನವರಿಯಲ್ಲಿ ಕಂಪನಿಗಳು ಮತ್ತೆ ಭರವಸೆ ಪತ್ರ ಕೇಳಿದಾಗ, ಹೊಸ ಅಧಿಕಾರಿ ನಿಯಮದಂತೆ ಪೂರ್ಣ ಮೊತ್ತದ ಖಾತರಿ ಕೇಳಿದರು. ಹಿಂದೆ ಎಂದೂ ಕೇಳಿರಲಿಲ್ಲ ಎಂಬ ಉತ್ತರ ಬಂತು. ಹಿಂದಿನ ಪತ್ರಗಳ ದಾಖಲೆ ಹುಡುಕಿದರೆ ಸಿಗಲಿಲ್ಲ. ಅಲ್ಲಿಂದ ಎಲ್ಲವೂ ಬಯಲಾಯಿತು.

ಈ ಸರಣಿಯಲ್ಲಿ ತಡೆಯಬಹುದಾದ ಜಾಗಗಳು ಹಲವು. ಕಾಲಕಾಲಕ್ಕೆ ವರ್ಗಾವಣೆಯಾಗಿದ್ದರೆ, ಸ್ವಿಫ್ಟ್ ಸಂದೇಶಗಳ ಪಟ್ಟಿಯನ್ನು ಮುಖ್ಯ ಲೆಕ್ಕದೊಂದಿಗೆ ದಿನವೂ ತಾಳೆ ನೋಡಿದ್ದರೆ, ವಿದೇಶಿ ಬ್ಯಾಂಕುಗಳಿಂದ ಬ್ಯಾಂಕಿನ ಖಾತೆಗೆ ಬಂದ ಹಣ ಯಾವ ಸಾಲಕ್ಕೆ ಸೇರಿದ್ದು ಎಂದು ಕೇಳಿದ್ದರೆ, ವರ್ಷಗಳ ಮೊದಲೇ ಪತ್ತೆಯಾಗಬಹುದಿತ್ತು. ಅಪಾಯವೂ ಅಜ್ಞಾತವಾಗಿರಲಿಲ್ಲ. 2016ರ ಫೆಬ್ರುವರಿಯಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ ಖಾತೆಯಿಂದ ಸೈಬರ್ ಕಳ್ಳರು ಇದೇ ಸ್ವಿಫ್ಟ್ ಜಾಲ ಬಳಸಿ 8.1 ಕೋಟಿ ಡಾಲರನ್ನು ಫಿಲಿಪ್ಪೀನ್ಸಿಗೆ ಸಾಗಿಸಿದ್ದರು. ಆ ವರ್ಷದ ಆಗಸ್ಟಿನಿಂದ ಮೂರು ಬಾರಿ ಸ್ವಿಫ್ಟ್ ದುರ್ಬಳಕೆಯ ಬಗ್ಗೆ ಬ್ಯಾಂಕುಗಳನ್ನು ಎಚ್ಚರಿಸಿದ್ದಾಗಿ ರಿಸರ್ವ್ ಬ್ಯಾಂಕ್ ಹೇಳಿತು. ಹಗರಣದ ನಂತರ 2018ರ ಮಾರ್ಚ್ 13ರಂದು ಇಂಥ ಭರವಸೆ ಪತ್ರಗಳನ್ನೇ ಅದು ನಿಲ್ಲಿಸಿತು. ಸ್ವಿಫ್ಟನ್ನು ಮುಖ್ಯ ಲೆಕ್ಕಕ್ಕೆ ಜೋಡಿಸಲು ಗಡುವು ಕೊಟ್ಟಿತು. ನಿಯಮ, ಎಚ್ಚರಿಕೆ, ಆಡಿಟ್ ಎಲ್ಲವೂ ಇದ್ದವು. ಒಂದು ಸಣ್ಣ ಮೇಜಿನ ಮೇಲೆ ಇಷ್ಟು ದೊಡ್ಡ ಅಪಾಯ ಕೂತಿದೆ ಎಂದು ಅಳೆದಿರಲಿಲ್ಲ ಎಂಬುದೇ ಮೂಲ ಲೋಪ.

ವಿಮೆಯ ಅಪಾಯ ಬೇರೆ ಬಗೆಯದು

ಬ್ಯಾಂಕು ಮೊದಲು ಹಣ ಕೊಟ್ಟು ನಂತರ ವಸೂಲು ಮಾಡುತ್ತದೆ. ವಿಮಾ ಕಂಪನಿ ಮೊದಲು ಹಣ ಪಡೆದು ನಂತರ ಕೊಡುತ್ತದೆ. ಮುಂದೆ ಕೊಡಬೇಕಾದದ್ದು ಎಷ್ಟು ಎಂಬ ಅಂದಾಜೇ ತಪ್ಪಿದರೆ, ಇಂದಿನ ಲಾಭವೇ ಸುಳ್ಳಾಗುತ್ತದೆ. ಆಸ್ಟ್ರೇಲಿಯಾದ ದೊಡ್ಡ ಸಾಮಾನ್ಯ ವಿಮಾ ಕಂಪನಿಗಳಲ್ಲಿ ಒಂದಾಗಿದ್ದ ಎಚ್‌ಐಎಚ್ 2001ರ ಮಾರ್ಚಿನಲ್ಲಿ ಕುಸಿದದ್ದು ಹೀಗೆ. ಅದರ ಕೊರತೆ 530 ಕೋಟಿ ಆಸ್ಟ್ರೇಲಿಯನ್ ಡಾಲರಿನವರೆಗೂ ಹೋಗಬಹುದೆಂದು ಅಂದಾಜಿಸಲಾಗಿತ್ತು. ಮುಂದೆ ಬರಲಿರುವ ಕ್ಲೇಮುಗಳಿಗೆ ತಕ್ಕಷ್ಟು ಹಣ ತೆಗೆದಿಡದೆ ಇದ್ದುದೇ ಮುಖ್ಯ ಕಾರಣ ಎಂದು ತನಿಖಾ ಆಯೋಗ 2003ರಲ್ಲಿ ಹೇಳಿತು.

ಈ ಕಾರಣಕ್ಕೆ ವಿಮಾ ಕಂಪನಿಯ ನಿಯಂತ್ರಣದಲ್ಲಿ ಆಕ್ಚುಯರಿಗೆ, ಅಂದರೆ ಸಾವು, ಕಾಯಿಲೆ, ಅಪಘಾತಗಳ ಸಂಭವವನ್ನು ಲೆಕ್ಕಹಾಕುವ ವಿಮಾ ಗಣಿತಜ್ಞರಿಗೆ, ದೊಡ್ಡ ಸ್ಥಾನವಿದೆ. ಭಾರತದಲ್ಲಿ ಪ್ರತಿ ವಿಮಾ ಕಂಪನಿಯೂ ನೇಮಿತ ಆಕ್ಚುಯರಿಯನ್ನು ಹೊಂದಿರಬೇಕು. ಸಾಲ್ವೆನ್ಸಿ ಅನುಪಾತ, ಅಂದರೆ ಹೊಣೆಗಾರಿಕೆ ಕಳೆದು ಉಳಿಯುವ ಆಸ್ತಿ ನಿಯಮ ಕೇಳುವ ಅಂತರಕ್ಕೆ ಹೋಲಿಸಿದರೆ ಎಷ್ಟು ಎಂಬ ಅಳತೆ, ಕನಿಷ್ಠ ಶೇ. 150 ಇರಬೇಕು. ಹೊಣೆಗಾರಿಕೆಯ ಲೆಕ್ಕ ತಪ್ಪಿದರೂ ತಡೆದುಕೊಳ್ಳುವ ಅಂತರ ಉಳಿದಿರಲಿ ಎಂಬುದು ಇದರ ಆಶಯ. ದೊಡ್ಡ ಅಪಾಯದ ಒಂದು ಪಾಲನ್ನು ಮರುವಿಮೆಯ ಮೂಲಕ ಬೇರೆ ಕಂಪನಿಗೆ ವರ್ಗಾಯಿಸುವುದೂ ನಿಯಂತ್ರಣವೇ.

ಪಾಲಿಸಿ ಮಾರುವ ಹಂತ, ಅಪಾಯವನ್ನು ಒಪ್ಪಿಕೊಳ್ಳುವ ಹಂತ, ಕ್ಲೇಮು ತೀರಿಸುವ ಹಂತ ಈ ಮೂರರಲ್ಲೂ ಬೇರೆಬೇರೆ ಕಾವಲು ಬೇಕು. ಮಾರಿದಷ್ಟೂ ಕಮಿಷನ್ ಪಡೆಯುವವರೇ ಗ್ರಾಹಕನ ಆರೋಗ್ಯದ ಬಗ್ಗೆ ಅಂತಿಮ ಮಾತು ಹೇಳುವಂತಿರಬಾರದು. ಜೀವ ವಿಮೆಯಲ್ಲಿ ಇದು ಇನ್ನಷ್ಟು ಮುಖ್ಯ. 2015ರಲ್ಲಿ ತಿದ್ದುಪಡಿಯಾದ ವಿಮಾ ಕಾಯ್ದೆಯ 45ನೆಯ ಕಲಮಿನಂತೆ ಪಾಲಿಸಿಗೆ ಮೂರು ವರ್ಷ ತುಂಬಿದ ಮೇಲೆ ಯಾವ ಕಾರಣಕ್ಕೂ ಅದನ್ನು ಪ್ರಶ್ನಿಸುವಂತಿಲ್ಲ. ಪಾಲಿಸಿದಾರರ ಕುಟುಂಬಕ್ಕೆ ದೊಡ್ಡ ಆಸರೆಯಾದ ಈ ನಿಯಮ, ಪರಿಶೀಲನೆಯ ಹೊಣೆಯನ್ನು ಸಾವಿನ ನಂತರಕ್ಕೆ ಮುಂದೂಡದೆ, ಪಾಲಿಸಿ ಕೊಡುವಾಗಲೇ ನಿಭಾಯಿಸುವಂತೆ ಕಂಪನಿಗಳನ್ನು ಒತ್ತಾಯಿಸುತ್ತದೆ.

ಕ್ಲೇಮಿನ ಹಂತದಲ್ಲಿ ನಿಯಂತ್ರಣ ಅತಿಯಾದರೂ ಹಾನಿಯೇ. ಕರ್ನಾಟಕದಲ್ಲಿ ಬೆಳೆ ವಿಮೆ ಮಾಡಿಸಿದ ಬೆಳೆಗೂ ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆಗೂ ತಾಳೆ ಇದೆಯೇ ಎಂದು ನೋಡಲಾಗುತ್ತದೆ. ಬೆಳೆಯದ ಬೆಳೆಗೆ ಪರಿಹಾರ ಪಡೆಯುವುದನ್ನು ತಡೆಯಲು ಇದು ಅಗತ್ಯ. ಆದರೆ ಸಮೀಕ್ಷೆಯಲ್ಲೇ ಬೆಳೆಯ ಹೆಸರು ತಪ್ಪಾಗಿ ದಾಖಲಾದರೆ ಪ್ರಾಮಾಣಿಕ ರೈತನ ಪರಿಹಾರಕ್ಕೂ ತಡೆ ಬೀಳಬಹುದು. ತಪ್ಪಾಗಿ ತಡೆದದ್ದನ್ನು ಬೇಗ ಸರಿಪಡಿಸುವ ದಾರಿ ಇಟ್ಟಾಗಲೇ ನಿಯಂತ್ರಣ ನ್ಯಾಯವಾಗುತ್ತದೆ.

ಸಹಕಾರಿ ಬ್ಯಾಂಕುಗಳ ದುರ್ಬಲ ಕೊಂಡಿ

ನಿಯಂತ್ರಣ ಸಡಿಲಾದಾಗ ಹೆಚ್ಚು ನೋಯುವವರು ಸಣ್ಣ ಠೇವಣಿದಾರರು. 2019ರ ಸೆಪ್ಟೆಂಬರಿನಲ್ಲಿ ಮುಂಬೈನ ಪಂಜಾಬ್ ಆ್ಯಂಡ್ ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ, ಠೇವಣಿದಾರರು ಮೊದಲಿಗೆ ತೆಗೆಯಬಹುದಾದದ್ದು ಕೇವಲ 1,000 ರೂಪಾಯಿ. ಅದರ ಸಾಲದಲ್ಲಿ ಶೇ. 70ಕ್ಕೂ ಹೆಚ್ಚು ಒಂದೇ ಕಟ್ಟಡ ನಿರ್ಮಾಣ ಸಮೂಹಕ್ಕೆ ಹೋಗಿತ್ತು; ಅದನ್ನು ಮುಚ್ಚಲು 21,000ಕ್ಕೂ ಹೆಚ್ಚು ಕಲ್ಪಿತ ಸಾಲ ಖಾತೆಗಳನ್ನು ತೋರಿಸಲಾಗಿತ್ತು ಎಂಬುದು ತನಿಖೆಯಲ್ಲಿ ಹೊರಬಿತ್ತು. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೂ ನಿರ್ಬಂಧ ಬಂದು, ಹಣ ಹಿಂಪಡೆಯುವ ಮಿತಿ 35,000 ರೂಪಾಯಿಗೆ ಇಳಿಯಿತು. ನಿವೃತ್ತಿಯ ಹಣ ಇಟ್ಟಿದ್ದ ಹಿರಿಯರು ವರ್ಷಗಟ್ಟಲೆ ಅಲೆಯಬೇಕಾಯಿತು.

2020ರ ಫೆಬ್ರುವರಿ 4ರಿಂದ ಬ್ಯಾಂಕು ಮುಳುಗಿದಾಗ ಠೇವಣಿದಾರರಿಗೆ ಸಿಗುವ ಠೇವಣಿ ವಿಮೆಯ ಮಿತಿ 1 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿತು. ಅದೇ ವರ್ಷ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಗೆ ಆದ ತಿದ್ದುಪಡಿಯಿಂದ ಸಹಕಾರಿ ಬ್ಯಾಂಕುಗಳ ಮೇಲೆ ರಿಸರ್ವ್ ಬ್ಯಾಂಕಿಗೆ ಹೆಚ್ಚಿನ ಅಧಿಕಾರ ಸಿಕ್ಕಿತು. ಸುರಕ್ಷಿತ ಬ್ಯಾಂಕಿಗೂ ದುರ್ಬಲ ಬ್ಯಾಂಕಿಗೂ ಒಂದೇ ದರದಲ್ಲಿದ್ದ ಠೇವಣಿ ವಿಮೆಯ ಪ್ರೀಮಿಯಂ ಅನ್ನು ಅಪಾಯಕ್ಕೆ ತಕ್ಕಂತೆ ನಿಗದಿ ಮಾಡುವ ನಿರ್ಧಾರವನ್ನೂ ರಿಸರ್ವ್ ಬ್ಯಾಂಕ್ 2025ರಲ್ಲಿ ಪ್ರಕಟಿಸಿತು. ಒಳನಿಯಂತ್ರಣ ಚೆನ್ನಾಗಿಟ್ಟುಕೊಂಡ ಬ್ಯಾಂಕಿಗೆ ಅದರಿಂದ ನೇರ ಲಾಭವಿದೆ.

ಯಾರ ಹೊಣೆ ಎಷ್ಟು

ಅಪಾಯ ಆಧಾರಿತ ನಿಯಂತ್ರಣದಲ್ಲಿ ಹೊಣೆ ಮೂರು ಸಾಲುಗಳಲ್ಲಿ ಹಂಚಿರುತ್ತದೆ. ವ್ಯವಹಾರ ನಡೆಸುವ ಶಾಖೆ ಮತ್ತು ವಿಭಾಗಗಳು ಮೊದಲನೆಯ ಸಾಲು; ತಮ್ಮ ಅಪಾಯಕ್ಕೆ ಅವೇ ಮೊದಲ ಹೊಣೆಗಾರರು. ಅಪಾಯ ನಿರ್ವಹಣೆ ಮತ್ತು ನಿಯಮಪಾಲನೆಯ ವಿಭಾಗಗಳು ಎರಡನೆಯದು. ಅವು ಮಿತಿಗಳನ್ನು ಹಾಕಿ ಪಾಲನೆಯನ್ನು ಗಮನಿಸುತ್ತವೆ. ಆಂತರಿಕ ಲೆಕ್ಕಪರಿಶೋಧನೆ ಮೂರನೆಯದು. ಮೊದಲ ಎರಡೂ ಸರಿಯಾಗಿ ಕೆಲಸ ಮಾಡುತ್ತಿವೆಯೇ ಎಂದು ಅದು ಸ್ವತಂತ್ರವಾಗಿ ನೋಡುತ್ತದೆ. ಸಾಲ ಹೆಚ್ಚಿಸುವ ಗುರಿ ಹೊತ್ತವರ ಅಧೀನದಲ್ಲಿ ಆಡಿಟರು ಇದ್ದರೆ ಅವರ ಸ್ವಾತಂತ್ರ್ಯ ಹೆಸರಿಗಷ್ಟೇ. ಅದಕ್ಕೆಂದೇ ಆಡಿಟ್ ಮುಖ್ಯಸ್ಥರಿಗೆ ಆಡಳಿತ ಮಂಡಳಿಯ ಲೆಕ್ಕಪರಿಶೋಧನಾ ಸಮಿತಿಯೊಂದಿಗೆ ನೇರ ಸಂಪರ್ಕ ಇರಬೇಕಾಗುತ್ತದೆ.

ಈ ವ್ಯವಸ್ಥೆಗೂ ಮಿತಿಗಳಿವೆ. ಮೇಕರ್ ಮತ್ತು ಚೆಕರ್ ಕೈಜೋಡಿಸಿದರೆ ಎರಡು ಸಹಿಯೂ ಒಂದೇ ಸಹಿ. ಮೇಲಿನವರೇ ನಿಯಮ ಮುರಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ. ಕಡಿಮೆ ಅಪಾಯ ಎಂದು ಗುರುತಿಸಿದ ಶಾಖೆಯನ್ನು ವರ್ಷಗಟ್ಟಲೆ ಮರೆತರೆ ಮೋಸ ಅಲ್ಲಿಗೇ ಸರಿಯುತ್ತದೆ. ಆದ್ದರಿಂದ ಅಲ್ಲಿಗೂ ಆಗಾಗ ಅನಿರೀಕ್ಷಿತ ಭೇಟಿ ಬೇಕು, ಅಪಾಯದ ಅಂದಾಜನ್ನು ವರ್ಷಕ್ಕೊಮ್ಮೆಯಾದರೂ ಹೊಸದಾಗಿ ಮಾಡಬೇಕು.

ಒಂದು ಸಂಸ್ಥೆಯ ನಿಯಂತ್ರಣ ಗಟ್ಟಿಯೇ ಎಂಬುದನ್ನು ಅದರ ಕೈಪಿಡಿಯ ದಪ್ಪ ಹೇಳುವುದಿಲ್ಲ. ಆಡಿಟ್ ವರದಿಯಲ್ಲಿ ಬರೆದ ಲೋಪ ಎಷ್ಟು ದಿನಕ್ಕೆ ಸರಿಹೋಯಿತು, ಅದೇ ಲೋಪ ಮುಂದಿನ ವರ್ಷವೂ ಕಂಡಿತೇ, ಕಿರಿಯ ಅಧಿಕಾರಿ ಪ್ರಶ್ನೆ ಕೇಳಿದಾಗ ಮೇಲಿನವರು ಅವರ ಬೆನ್ನಿಗೆ ನಿಂತರೇ ಎಂಬ ಸಂಗತಿಗಳು ಹೇಳುತ್ತವೆ. ಬ್ರಾಡಿ ಹೌಸ್‌ನಲ್ಲಿ ಸತ್ಯ ಹೊರಬಂದದ್ದು ಒಬ್ಬ ಅಧಿಕಾರಿ ನಿಯಮದ ಪ್ರಕಾರ ಖಾತರಿ ಕೇಳಿದ್ದರಿಂದ. ಅಂಥ ಪ್ರಶ್ನೆ ಏಳುವುದು ಒಬ್ಬ ವ್ಯಕ್ತಿಯ ನಿವೃತ್ತಿಯನ್ನು ಅವಲಂಬಿಸದೆ, ಅಪಾಯ ಹೆಚ್ಚಿರುವ ಪ್ರತಿ ಮೇಜಿನಲ್ಲೂ ಪ್ರತಿದಿನದ ರೂಢಿಯಾಗುವಂತೆ ಮಾಡುವುದೇ ಅಪಾಯ ಆಧಾರಿತ ಆಂತರಿಕ ನಿಯಂತ್ರಣದ ಗುರಿ.